ಭಾಗ 5: ಬಂದು ಹೋಗುವವನಿಗೆ ಯಾವ ಕಥಿ ಹೊಂದತೈತಿ?

ಹೋದ ಭಾಗದಾಗ 'ಡಾಕ್ಟರ್ ಹೂ' ಅಂತ ಒಂದು ಹೆಸರು ಬರೆದಿದ್ದಕ್ಕ, "ಇದ್ಯಾವ ಡಾಕ್ಟರ್, ಅಥಣಿಯೊಳಗ ಎಲ್ಲಿ ಕೂಡ್ತಾರ?" ಅಂತ ಕೇಳಿದ್ರಿ. ಅದಕ್ಕ ಇವತ್ತು ಪೂರ್ತಿ ಅದರ ಬಗ್ಗೆನೇ. ಉದ್ದ ಐತಿ, ಚಹಾ ಇಟ್ಕೊಂಡು ಓದ್ರಿ.

ಇದು ಬಿಬಿಸಿಯ ಧಾರಾವಾಹಿ. ಶುರುವಾಗಿದ್ದು 1963ರ ನವೆಂಬರ್ 23ಕ್ಕ, ಅಂದ್ರ ಅಮೆರಿಕಾದ ಕೆನಡಿ ಹತ್ಯೆ ಆದ ಮರುದಿನ. ಮೊದಲನೇ ಕಥೆಯ ನಿರ್ದೇಶಕ ವಾರಿಸ್ ಹುಸೇನ್, ನಮ್ಮ ಲಖನೌದಾಗ ಹುಟ್ಟಿದವ್ರು. ಕಥಿ ಇಷ್ಟ: ಡಾಕ್ಟರ್ ಅನ್ನೋ ಒಬ್ಬ ಅಲೆಮಾರಿ, ಹೊರಗಿಂದ ನೀಲಿ ಪೆಟ್ಟಿಗೆ ಹಂಗ ಕಾಣೋ ಯಂತ್ರದಾಗ ಕುಂತು ಯಾವ ಕಾಲಕ್ಕಾದ್ರೂ, ಯಾವ ಗ್ರಹಕ್ಕಾದ್ರೂ ಹೋಗ್ತಾನ. ಅಲ್ಲಿ ಏನೋ ತೊಂದ್ರಿ ಇರತೈತಿ, ಬಗೆಹರಿಸ್ತಾನ, ಹೋಗಿಬಿಡ್ತಾನ. 1966ರಾಗ ನಟ ಬದಲಾಗಬೇಕಾದಾಗ, ಪಾತ್ರವೇ ಮುಖ ಬದಲಿಸತೈತಿ ಅಂತ ಮಾಡಿದ್ರು. 1989ಕ್ಕ ನಿಂತು, 2005ರಾಗ ತಿರುಗಿ ಶುರುವಾಯಿತು.

ಅರವತ್ತು ವರ್ಷ ದಾಟಿದ ಇಂಥಾ ಧಾರಾವಾಹಿಗೆ ಯಾವ ಬಗೆಯ ಕಥೆ ಸರಿಹೊಂದುತ್ತದೆ? "ಸೈನ್ಸ್ ಫಿಕ್ಷನ್ ಅಂದ್ಮೇಲೆ ರಾಕೆಟ್ಟು, ರೋಬೋಟು" ಅಂತೀರಿ. ನನ್ನ ಲೆಕ್ಕ ಬೇರೆ ಐತಿ.

ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ನೋಡ್ರಿ. ಕುಲಗೋಡ ತಮ್ಮಣ್ಣ ಬೆಳೆಸಿದ ಆಟ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದ ಆಟ. ಒಳಗಿರೋ ಕಥಿ ಒಂದ ಗೆರಿ: ಕೃಷ್ಣ ಪಾರಿಜಾತದ ಹೂವು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು. ಇಷ್ಟಕ್ಕ ಬೆಳತನಕ ಆಡ್ತಾರ! ಹೆಂಗ? ಮೊದಲು ಗೊಲ್ಲತಿ ಮತ್ತು ಭಾಗವತನ ಚೇಷ್ಟೆ. ಆಮೇಲೆ ಮುನಿಸು, ಜಗಳ, ಅಳು, ನಡುವೆ ಕೊರವಂಜಿ. ಚೌಕಟ್ಟು ಅದ, ರಸ ಮಾತ್ರ ತಾಸಿಗೊಮ್ಮೆ ಬದಲು. ಡಾಕ್ಟರ್ ಹೂ ಬದುಕಿದ್ದೂ ಇದೇ ಉಪಾಯದಿಂದ. ನೀಲಿ ಪೆಟ್ಟಿಗೆ ಚೌಕಟ್ಟು. ಬಾಗಿಲು ತೆರೆದಾಗ ಹೊರಗ ಯಾವ ರಸ ಐತಿ ಅನ್ನೋದು ಪ್ರತಿ ಸಲ ಬೇರೆ.

ಹಂಗಂತ ಎಲ್ಲಾ ಹೊಂದೂದಿಲ್ಲ. ನನಗ ಹೊಂದತಾವ ಅನಿಸಿದ್ದು ಹೇಳ್ತೀನಿ.

ಒಂದು: ಸುತ್ತ ಮುತ್ತಿಗೆ, ನಡುವೆ ಮನುಷ್ಯರು.
ಎರಡನೇ ಡಾಕ್ಟರ್ ಪ್ಯಾಟ್ರಿಕ್ ಟ್ರೌಟನ್ ಕಾಲದಾಗ ಈ ಬಗೆ ಭಾಳ ಬಂತು. ಒಂದು ಕಟ್ಟಡ, ಹೊರಗ ಅಪಾಯ, ಒಳಗಿದ್ದವರ ಬಣ್ಣ ಬಯಲು. 2008ರ 'ಮಿಡ್‌ನೈಟ್' ಕಂತು ನೋಡ್ರಿ: ಒಂದು ಬಸ್ಸಿನಂಥಾ ವಾಹನದಾಗ ಸಿಕ್ಕೊಂಡ ಪ್ರಯಾಣಿಕರು. ಹೊರಗಿರೋದು ಏನು ಅಂತ ಕೊನೆತನಕ ಕಾಣೂದೇ ಇಲ್ಲ. ಹೆದರಿಕಿ ಹೆಚ್ಚಾದಂಗ ಒಳಗಿನವರೇ ಡಾಕ್ಟರ್‌ನ ಹೊರಗ ನೂಕಾಕ ನಿಲ್ತಾರ.

ಸತ್ತಿಯವರಿಗೆ ಈ ಬಗೆಯ ಕಥಿ ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಾಗ ಕೃಷ್ಣೆ ಏರಿ ಬಂದಾಗ ನಾನು ಹೈಸ್ಕೂಲು. ಕೊಯ್ನಾದಿಂದ ಎಷ್ಟು ಬಿಟ್ರು, ಅಲ್ಲಿ ಮಳಿ ನಿಂತಿತೋ ಇಲ್ಲೋ, ದಿನಾ ಅದೇ ಮಾತು. ನೀರು ನಿಂತಲ್ಲಿ ನಿಲ್ಲಲಿಲ್ಲ. ಎತ್ತರದ ಜಾಗದಾಗ ದನಾ, ಮಂದಿ ಎಲ್ಲಾ ಒಟ್ಟಿಗೆ. ಒಬ್ಬರು ತಮ್ಮ ಪಾಲಿನ ರೊಟ್ಟಿ ಎತ್ತಿ ಕೊಟ್ಟರು, ಇನ್ನೊಬ್ಬರು ಒಂದು ಹಾಸಿಗೆ ಜಾಗಕ್ಕ ಜಗಳ ತೆಗೆದರು. ರಾಕ್ಷಸ ಕಾಣಬೇಕು ಅಂತೇನೂ ಇಲ್ಲ. ನೀರು ಸಾಕು.

ಎರಡು: ಸಣ್ಣ ಮಂದಿಯ ಇತಿಹಾಸ.
ಶುರುವಿನಾಗ ಈ ಧಾರಾವಾಹಿ ಮಕ್ಕಳಿಗೆ ಇತಿಹಾಸ, ವಿಜ್ಞಾನ ಎರಡೂ ಕಲಿಸಬೇಕು ಅಂತ ಇತ್ತು. ಡಾಕ್ಟರ್ ಜೊತೆ ಹೊರಟವರಲ್ಲಿ ಇಬ್ಬರು ಶಾಲೆ ಮಾಸ್ತರರು, ಒಬ್ಬ ವಿಜ್ಞಾನ, ಒಬ್ಬಾಕಿ ಇತಿಹಾಸ. 'ಮಾರ್ಕೋ ಪೋಲೋ', 'ದಿ ಆಜ್ಟೆಕ್ಸ್' ಎರಡೂ 1964ರವು. ಆದ್ರ ಡಾಲೆಕ್ ಅನ್ನೋ ಲೋಹದ ದುಷ್ಟರು ಮಂದಿಗೆ ಭಾಳ ಹಿಡಿಸಿದ್ರು, ಬರಬರತಾ ಇತಿಹಾಸ ಹಿಂದ ಸರೀತು.

ನನಗ ಇದರೊಳಗ ಎಲ್ಲಕ್ಕಿಂತ ಸೇರಿದ್ದು 2018ರ 'ಡೀಮನ್ಸ್ ಆಫ್ ದಿ ಪಂಜಾಬ್', ಬರೆದವರು ವಿನಯ್ ಪಟೇಲ್. 1947ರ ಆಗಸ್ಟ್ 17, ಗಡಿಯ ಗೆರೆ ಪ್ರಕಟವಾದ ದಿನ. ಒಬ್ಬ ಹಿಂದೂ ಹುಡುಗ, ಒಬ್ಬ ಮುಸ್ಲಿಂ ಹುಡುಗಿ, ಅವರ ಮದುವೆ. ಅನ್ಯಗ್ರಹದವರು ಬಂದಿರ್ತಾರ, ನಾವು ಅವರನ್ನೇ ಕೊಲೆಗಾರರು ಅಂದ್ಕೊಂತೀವಿ. ಆದ್ರ ಅವರು ಬಂದಿದ್ದು, ಯಾರೂ ದಿಕ್ಕಿಲ್ಲದೆ ಸಾಯುವವರ ಹತ್ತಿರ ಸಾಕ್ಷಿಯಾಗಿ ನಿಲ್ಲಾಕ. ಕೊಲ್ಲೋ ಗುಂಪನ್ನ ಕರ್ಕೊಂಡು ಬರೋದು ಮದುಮಗನ ಸ್ವಂತ ತಮ್ಮ. ಮನೆಯೊಳಗ ಕನ್ನಡ, ಸಂತಿಯೊಳಗ ಮರಾಠಿ ಆಡಿಕೊಂಡು ಬೆಳೆದ ನಮ್ಮ ಗಡಿ ಮಂದಿಗೆ, ನಕ್ಷೆಯ ಗೆರೆ ಮನೆಯೊಳಗ ಹಾದ್ರ ಏನಾಗತೈತಿ ಅನ್ನೋದು ಲಗೂನ ತಿಳೀತೈತಿ.

ಮೂರು: ಲೆಕ್ಕದ ಕಥಿ. ಬಿಕಾಂ ಹುಡುಗ ಇದನ್ನ ಬಿಡ್ತಾನೇನ್ರಿ?
1977ರ 'ದಿ ಸನ್ ಮೇಕರ್ಸ್', ಬರೆದವ ರಾಬರ್ಟ್ ಹೋಮ್ಸ್. ಪ್ಲೂಟೋದಾಗ ಒಂದು ಕಂಪನಿ, ಎಲ್ಲಕ್ಕೂ ತೆರಿಗೆ. ಅಪ್ಪ ಸತ್ತ ಅಂತ ಸಾವಿನ ತೆರಿಗೆ ಕಟ್ಟಾಕ ಬಂದ ಮಗನಿಗೆ ದರ ಏರಿದ್ದು ಗೊತ್ತಾಗತೈತಿ. ಅಂವ ಮಾಳಿಗೆ ಮ್ಯಾಲಿಂದ ಜಿಗಿಯಾಕ ಹೋಗ್ತಾನ. ಇದು ಹಾಸ್ಯದ ಕಥಿ! ನಕ್ಕೊಂತ ನಕ್ಕೊಂತ ಗಂಟಲು ಕಟ್ಟತೈತಿ.

2017ರ 'ಆಕ್ಸಿಜನ್' ಅದಕ್ಕೂ ಖಡಕ್. ಬಾಹ್ಯಾಕಾಶದ ಗಣಿ ನಿಲ್ದಾಣದಾಗ ಕೂಲಿಕಾರರು ಉಸಿರಿಗೂ ದುಡ್ಡು ಕೊಡಬೇಕು. ಲಾಭ ಇಲ್ಲ ಅಂತ ಕಂಪನಿ ಅವರ ಪೋಷಾಕಿನ ಕಡೆಯಿಂದಲೇ ಅವರನ್ನ ಕೊಲ್ಲಸ್ತೈತಿ. ಡಾಕ್ಟರ್ ಅಲ್ಲಿ ಧರ್ಮ ಹೇಳಿ ಗೆಲ್ಲೂದಿಲ್ಲ. ಅವರ ಸಾವು ಬದುಕಿಗಿಂತ ತುಟ್ಟಿ ಆಗೋ ಹಂಗ ಮಾಡ್ತಾನ, ಕಂಪನಿ ತಾನಾಗೇ ನಿಲ್ತೈತಿ. ಕಾಸ್ಟ್ ಅಕೌಂಟಿಂಗ್ ಇಷ್ಟು ಚಂದ ಯಾವ ಕ್ಲಾಸಿನಾಗೂ ತಿಳಿದಿರಲಿಲ್ಲ.

ಹೊಂದದೇ ಇರೋದು? ನಾಯಕನ ಹುಟ್ಟಿನ ಗುಟ್ಟು. 2020ರ 'ದಿ ಟೈಮ್‌ಲೆಸ್ ಚಿಲ್ಡ್ರನ್' ಡಾಕ್ಟರ್ ನಿಜಕ್ಕೂ ಯಾರು ಅಂತ ಬಿಚ್ಚಾಕ ಹೋತು, ಅಭಿಮಾನಿಗಳು ಎರಡು ಪಾಲಾದರು. ನನ್ನ ತಕರಾರು ಇಷ್ಟ: ಕ್ಯಾಮೆರಾ ಅಲೆಮಾರಿಯ ಕಡೆ ತಿರುಗಿದ್ರ, ಅಂವ ಬಂದ ಊರು ಹಿಂದಿನ ಪರದೆ ಆಗಿಬಿಡತೈತಿ. ಪಾರಿಜಾತದಾಗ ಗೊಲ್ಲತಿಯನ್ನ ಕೂಡಿಸಿ, ಬೆಳತನಕ ಬರೀ ಕೃಷ್ಣನ ಜಾತಕ ಓದಿದ್ರ ಯಾರು ಕೂಡ್ತಾರ?

ಈಗ ಇದನ್ನೆಲ್ಲಾ ಯಾಕ ಬರೆದೆ ಅನ್ನೋದಕ್ಕ ಬರ್ತೀನಿ.

ನೆರೆ ಇಳಿದ ಮ್ಯಾಲೆ ದೋಣಿಯವರು ಹೋದರು, ಕ್ಯಾಮೆರಾದವರು ಹೋದರು, ಬಿಸ್ಕೀಟು ಹಂಚಿದವರು ಹೋದರು. ಅವರ ತಪ್ಪಲ್ಲ, ಅವರು ಬಂದಿದ್ದೇ ದೊಡ್ಡದು. ಉಳಿದಿದ್ದು ನಾವು, ಕೊಳೆತ ಕಬ್ಬು, ಮನೆಯೊಳಗಿನ ರಾಡಿ, ಅಪ್ಪನ ವಹಿ. ಕಾಸ್ಟಿಂಗ್‌ನಾಗ ಇಂಥದಕ್ಕ 'ಅಸಹಜ ನಷ್ಟ' ಅಂತಾರ. ಅದನ್ನ ಮಾಲಿನ ಬೆಲೆಗೆ ಸೇರಿಸೂದಿಲ್ಲ, ತೆಗೆದು ನೇರ ಲಾಭ-ನಷ್ಟದ ಖಾತೆಗೆ ಹಾಕ್ತಾರ. ಪುಸ್ತಕದಾಗ ಒಂದು ಗೆರಿ. ಅಪ್ಪನ ವಹಿಯೊಳಗ ಅದು ಮುಂದಿನ ಎರಡು ವರ್ಷ ಪ್ರತಿ ಪುಟದಾಗೂ ಇತ್ತು: ಬೀಜದ ಕಬ್ಬು, ಮೋಟಾರ್ ರಿಪೇರಿ, ಕೈಗಡ, ಅಕ್ಕನ ಮುಂದಕ್ಕ ಹೋದ ಮದುವೆ.

ಅದಕ್ಕ ನನಗ ಬೇಕಾದ ನಾಲ್ಕನೇ ಬಗೆ: ತಿರುಗಿ ಬಂದು ನೋಡೋ ಕಥಿ. ಡಾಕ್ಟರ್ ಹೂದಾಗ ಇದು ಅಪರೂಪ, ಆದ್ರ ಐತಿ. 1977ರ 'ದಿ ಫೇಸ್ ಆಫ್ ಈವಿಲ್'ನಾಗ ಡಾಕ್ಟರ್ ಒಂದು ಗ್ರಹಕ್ಕ ಹೋದ್ರ, ಗುಡ್ಡದ ಕಲ್ಲಿನಾಗ ತನ್ನದೇ ಮುಖ ಕೆತ್ತಿರ್ತೈತಿ, ಮಂದಿ ಅದನ್ನ ದುಷ್ಟನ ಮುಖ ಅಂತಾರ. ಹಿಂದೊಮ್ಮೆ ಅಂವ ಸರಿ ಮಾಡ್ತೀನಿ ಅಂತ ಕೈ ಹಾಕಿದ ಕಂಪ್ಯೂಟರ್ ಹುಚ್ಚು ಹಿಡಿದು ತಲೆಮಾರುಗಳನ್ನೇ ಕೆಡಿಸಿರತೈತಿ. 2005ರಾಗ ಒಂದು ಉಪಗ್ರಹವನ್ನ ಬಿಡಿಸಿ ಹೋದವ, ಅದೇ ವರ್ಷದ 'ಬ್ಯಾಡ್ ವುಲ್ಫ್' ಕಂತಿನಾಗ ನೂರು ವರ್ಷ ಮುಂದ ಅಲ್ಲಿಗೇ ಬಂದು, ತಾನು ಹೋದಮ್ಯಾಲೆ ಅಲ್ಲಿ ಏನಾತು ಅಂತ ಕೇಳಿ ಸುಮ್ಮನಾಗ್ತಾನ.

ಕಾಲದಾಗ ಹಿಂದ ಮುಂದ ಹೋಗೋ ಯಂತ್ರ ಇಟ್ಕೊಂಡ ಧಾರಾವಾಹಿಗೆ ಇದಕ್ಕಿಂತ ಹೊಂದೋ ಬಗೆ ಯಾವುದೈತಿ? ಬೇರೆ ಯಾವ ಸಾಹಸದ ಕಥೆಯ ನಾಯಕನಿಗೂ ಮುಂದಿನ ಸುಗ್ಗಿಗೆ ಬಂದು ಕೇಳೋದು ಇಷ್ಟು ಸುಲಭ ಇಲ್ಲ. ಕಾಪಾಡೋ ಕಥಿ ಸಾವಿರ ಅದಾವ. "ಹೋದ ವರ್ಷ ನೀರು ಬಂದಿತ್ತಲ್ಲ, ಈಗ ಹೆಂಗದೀರಿ?" ಅಂತ ಕೇಳೋ ಕಥಿ ಕಡಿಮಿ.

ನಿಮ್ಮೂರಿಗೆ ಆ ನೀಲಿ ಪೆಟ್ಟಿಗೆ ಎರಡನೇ ಸಲ ಬಂದ್ರ, ಏನು ತೋರಿಸ್ತೀರಿ? ಬರೀರಿ, ಎಲ್ಲಾ ಓದ್ತೀನಿ. ಭಾಗ 6ರಾಗ ಸ್ಟಾರ್ ಟ್ರೆಕ್: ಒಂದು ರೋಬೋಟ್ ಯಾರ ಆಸ್ತಿ ಅಂತ ಕೋರ್ಟಿನಾಗ ವಾದ ನಡೆದ 1989ರ ಕಂತು. ಬಿಸಿನೆಸ್ ಲಾ ಓದೋರು ತಪ್ಪಿಸಬ್ಯಾಡ್ರಿ.