ಕಿನ್ನಾಳದ ಗೊಂಬೆ, ಕುಂಬಾರನ ಮಡಕೆ

ಬೆಂಗಳೂರಿನಂಥ ಊರುಗಳಲ್ಲಿ ಕಲಾ ಪ್ರದರ್ಶನ ನಡೆದಾಗ ಕಲಾವಿದರು ತಮ್ಮ ಕೃತಿಯ ಪಕ್ಕದಲ್ಲಿ ನಿಂತು, ಅದು ಹೇಗೆ ಮೂಡಿತೆಂದು ಹೇಳುತ್ತಾರೆ. ಅಂಥ ಮಾತು ಕೇಳಲು ನಮ್ಮ ಕೊಪ್ಪಳ ಜಿಲ್ಲೆಯ ಮಕ್ಕಳು ಅಷ್ಟು ದೂರ ಹೋಗಬೇಕಿಲ್ಲ. ಕೊಪ್ಪಳದಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕಿನ್ನಾಳ. ಇಲ್ಲಿನ ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಗೊಂಬೆ, ದೇವರ ಮೂರ್ತಿ ಮಾಡುತ್ತ ಬಂದಿವೆ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಚಿತ್ರ ಬರೆದವರು ಇವರ ಹಿರಿಯರೇ ಎಂಬ ನಂಬಿಕೆಯಿದೆ.

ದಸರೆ ರಜೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಒಂದು ಮನೆಯ ಪಡಸಾಲೆಯಲ್ಲಿ ಹಿರಿಯರೊಬ್ಬರು ಗೊಂಬೆಗೆ ಬಣ್ಣ ಹಚ್ಚುತ್ತಿದ್ದರು. ಹುಡುಗ ಸುಮ್ಮನಿರಲಿಲ್ಲ.

“ಅಜ್ಜಾರ, ಇದಕ್ಕ ಮೊಳಿ ಎಲ್ಲಿ ಹೊಡದೀರಿ?”

“ಮೊಳಿ ಯಾಕಪ್ಪಾ? ಹುಣಸಿ ಬೀಜದ ಅಂಟು ಐತಲ್ಲ!” ಎಂದು ನಕ್ಕರು.

ಹಗುರ ಕಟ್ಟಿಗೆಯಲ್ಲಿ ಕೈ, ಕಾಲು, ತಲೆ ಬೇರೆಬೇರೆ ಕೆತ್ತಿ ಅಂಟಿಸುತ್ತಾರೆ. ನೆನೆಸಿ ಒಣಗಿಸಿದ ಸೆಣಬಿನ ಚಿಂದಿಯನ್ನು ಪುಡಿ ಮಾಡಿ, ಕಟ್ಟಿಗೆಯ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದರೆ ‘ಕಿಟ್ಟ’. ಅದನ್ನು ಮೈತುಂಬ ಬಳಿದು, ಮೇಲೆ ಹತ್ತಿಬಟ್ಟೆಯ ತುಂಡು ಅಂಟಿಸಿ, ಕಲ್ಲಿನ ಪುಡಿಯ ಸರಿ ಹಚ್ಚಿದ ಮೇಲೆಯೇ ಬಣ್ಣ. ಪೀಠದ ಮೇಲೆ ಕೂತ ಗಣಪತಿಗೆ 22 ಭಾಗಗಳು!

ಅಷ್ಟರಲ್ಲಿ ಬಂದ ಗಿರಾಕಿಯೊಬ್ಬರು, “ಪ್ಲಾಸ್ಟಿಕ್ ಗೊಂಬೆ ಇದರ ಅರ್ಧ ರೇಟಿಗೆ ಸಿಗತೈತಿ” ಅಂದರು. ಹಿರಿಯರು ಉತ್ತರ ಕೊಡಲಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಬಂದ ನಾನು ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಕಟ್ಟಿಗೆ, ಬಣ್ಣಕ್ಕೆ ಬೆಲೆ ಹಾಕಬಹುದು. ಒಂದೊಂದು ಲೇಪವೂ ಒಣಗಲೆಂದು ಕಾಯ್ದ ದಿನಗಳಿಗೆ? ಕಿನ್ನಾಳದ ಕಲೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇರೆ ಊರಿನ ಗೊಂಬೆಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಹೆಸರಿಗೆ ಕಾವಲು ಸಿಕ್ಕಿತು. ಕೆಲಸ ಉಳಿಯಬೇಕಾದರೆ ಕಲಿಯುವ ಮಕ್ಕಳೂ ಬೇಕು, ಕೊಳ್ಳುವವರೂ ಬೇಕು.

ಇನ್ನು ಮಣ್ಣಿನ ಕಲೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಕಲ್ಲುಗೋರಿಗಳಿವೆ. ಅಂಥ ಗೋರಿ ಕಟ್ಟಿದ ಕಾಲದ ಜನರ ಕಪ್ಪು–ಕೆಂಪು ಮಡಕೆಗಳು ಬ್ರಹ್ಮಗಿರಿ, ಮಸ್ಕಿಯ ಉತ್ಖನನಗಳಲ್ಲಿ ಸಿಕ್ಕಿವೆ. ಒಂದೇ ಮಡಕೆಗೆ ಎರಡು ಬಣ್ಣ ಹೇಗೆ? ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿಯಾಡದೆ ಕಪ್ಪಾಗುತ್ತದೆ. ಹೊರಗೆ ಗಾಳಿ ಸಿಕ್ಕು, ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಸಂತೆಯಲ್ಲಿ ಕೊಳ್ಳುವ ಮಡಕೆ ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬೆಂಕಿಯಲ್ಲಿ ಬೆಂದಿರುತ್ತದೆ. ಅದರ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆರುವುದರಿಂದಲೇ ಒಳಗಿನ ನೀರು ತಂಪು. ಪಿಂಗಾಣಿಗೆ ಸುಮಾರು 1300 ಡಿಗ್ರಿ ಬೇಕು. ಅದರಲ್ಲಿ ನೀರು ಜಿನುಗದು.

ಮಕ್ಕಳೇ, ಮಣ್ಣೆತ್ತಿನ ಅಮಾವಾಸ್ಯೆಗೆ ಈ ಸಲ ಎತ್ತುಗಳನ್ನು ನೀವೇ ಮಾಡಿ. ಕೋಡು ಮುರಿಯುತ್ತದೆ, ಕಾಲು ಸೀಳುತ್ತದೆ. ಆಗ ನಿಮ್ಮೂರ ಕುಂಬಾರರ ಹತ್ತಿರ ಹೋಗಿ ಕೇಳಿ: ಮಣ್ಣು ಯಾವ ಕೆರೆಯದು? ಅದರಲ್ಲಿ ಏನು ಬೆರೆಸುತ್ತೀರಿ? ಎಷ್ಟು ದಿನ ನೆರಳಲ್ಲಿ ಒಣಗಿಸಬೇಕು? ಅಜ್ಜ–ಅಜ್ಜಿಯರೇ, ಜೊತೆಗೆ ನೀವೂ ಹೋಗಿ. ಬರುವಾಗ ಒಂದು ಮಡಕೆ ಕೊಂಡು ಬನ್ನಿ, ಚೌಕಾಸಿ ಮಾಡದೆ.