ಖಂಡಸ್ಫುಟಿತ ಜೀರ್ಣೋದ್ಧಾರ: ಒಂದು ಹಳೆಯ ಕಾರಿನ ತಳ

ಕರ್ನಾಟಕದ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ಬಸದಿಗೋ ದೇಗುಲಕ್ಕೋ ಭೂಮಿಯನ್ನು ಬಿಡುವಾಗ ಪೂಜೆ, ಅಂಗಭೋಗ, ಆಹಾರದಾನಗಳ ಜೊತೆಗೆ ಈ ಬಾಬತ್ತನ್ನೂ ಸೇರಿಸುವುದು ವಾಡಿಕೆ. ಖಂಡವೆಂದರೆ ಒಡೆದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಹಳತಾಗಿ ಸವೆದದ್ದು. ಕಟ್ಟಡ ಗಟ್ಟಿಯಾಗಿ ನಿಂತಿರುವಾಗಲೇ ಅದು ಮುಂದೊಮ್ಮೆ ಒಡೆಯುತ್ತದೆ, ಬಿರಿಯುತ್ತದೆ ಎಂಬುದನ್ನು ಒಪ್ಪಿಕೊಂಡು, ಆ ದುರಸ್ತಿಗೂ ಒಂದು ಸ್ಥಿರವಾದ ಉತ್ಪನ್ನವನ್ನು ಗೊತ್ತುಮಾಡುವ ವಿವೇಕ ಇಲ್ಲಿದೆ. ಈ ಮಾತನ್ನು ಹಲವು ವರ್ಷ ತರಗತಿಯಲ್ಲಿ ವಿವರಿಸಿದ್ದೇನೆ. ಆದರೆ ಅದರ ಮೂರೂ ಪದಗಳು ಒಂದೇ ಕಡೆ ಕಣ್ಣಿಗೆ ಬಿದ್ದದ್ದು 2022ರ ಮಳೆಗಾಲದಲ್ಲಿ, ನನ್ನ ಹಳೆಯ ಮಾರುತಿ 800 ಕಾರಿನ ತಳದಲ್ಲಿ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಮಾದರಿಯ ತಯಾರಿಕೆ 2014ರಲ್ಲಿ ನಿಂತಿತು. ಮೂರು ದಶಕಗಳ ಕಾಲ ಮೇಷ್ಟರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು ಮೊದಲ ಬಾರಿಗೆ ಕೊಂಡ ಕಾರೆಂದರೆ ಬಹುಮಟ್ಟಿಗೆ ಇದೇ. ನನ್ನದು 2002ರಲ್ಲಿ ನೋಂದಣಿಯಾದದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳಲ್ಲಿ ಅದು ತುಳಿಯದ ದಾರಿ ಕಡಿಮೆ. ಕೋಗಳಿಯ ಬಸದಿ, ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಮಾಗಳದ ಸೂರ್ಯನಾರಾಯಣ ಗುಡಿಗಳಿಗೆ ವಿದ್ಯಾರ್ಥಿಗಳನ್ನೂ, ಶಾಸನದ ಅಚ್ಚು ತೆಗೆಯುವ ಕಾಗದ, ಮಸಿ, ಕುಂಚಗಳನ್ನೂ ಹೊತ್ತು ತಿರುಗಿದ ಗಾಡಿ ಅದು.

ನಮ್ಮದು ಬಯಲುಸೀಮೆ. ತುಕ್ಕು ಹಿಡಿಯುವುದು ಮಂಗಳೂರು, ಕಾರವಾರದ ಗಾಡಿಗಳಿಗೆ, ನಮ್ಮ ಒಣ ಹವೆಯಲ್ಲಿ ಕಬ್ಬಿಣಕ್ಕೆ ಆಯಸ್ಸು ಹೆಚ್ಚು ಎಂಬುದು ಇಲ್ಲಿನ ನಂಬಿಕೆ. ಅದು ಅರ್ಧ ಸತ್ಯ. ಕಡಲ ಉಪ್ಪು ತುಕ್ಕನ್ನು ಬೇಗ ಬೆಳೆಸುತ್ತದೆ, ನಿಜ. ಆದರೆ ತುಕ್ಕಿಗೆ ಬೇಕಾದದ್ದು ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಇಷ್ಟೇ. ಬಿದ್ದ ಮಳೆ ಎಷ್ಟು ಎಂಬುದಕ್ಕಿಂತ ಒಳಗೆ ಬಂದ ನೀರು ಎಷ್ಟು ಕಾಲ ನಿಂತಿತು ಎಂಬುದು ಮುಖ್ಯ. ಕಾರಿನ ಮ್ಯಾಟಿನ ಕೆಳಗಿರುವ ದಪ್ಪನೆಯ ನಾರಿನ ಹಾಸು ಒಮ್ಮೆ ನೆನೆದರೆ ವಾರಗಟ್ಟಲೆ ಆರುವುದಿಲ್ಲ. ಮೇಲೆ ಕೈಯಾಡಿಸಿದರೆ ಒಣಗಿದಂತೆ ತೋರುತ್ತದೆ. ಕೆಳಗೆ ತಗಡು ತೇವದಲ್ಲೇ ಇರುತ್ತದೆ. ಬಾಗಿಲು ತೆರೆದೊಡನೆ ಮುಖಕ್ಕೆ ಬಡಿಯುವ ಮುಗ್ಗಲು ವಾಸನೆ, ಬೆಳಗ್ಗೆ ಗಾಜಿನ ಒಳಮೈಗೆ ಕವಿಯುವ ಮಂಜು, ಇವೇ ಅದರ ಮೊದಲ ಕುರುಹುಗಳು.

ನೀರಿನ ಈ ಬಗೆಯ ಬರವಿಗೆ ಕನ್ನಡದಲ್ಲಿ ಹಲವು ಕ್ರಿಯಾಪದಗಳಿವೆ: ಸೋರು, ಜಿನುಗು, ಒಸರು, ತೊಟ್ಟಿಕ್ಕು. ಇವನ್ನು ಸಮಾನಾರ್ಥಕಗಳೆಂದು ಪಟ್ಟಿಮಾಡುವುದು ಸುಲಭ. ಕಾರಿನ ಮಟ್ಟಿಗೆ ಒಂದೊಂದೂ ಒಂದೊಂದು ಜಾಗವನ್ನು ತೋರಿಸುತ್ತದೆ. ಮುಂಗಾಜಿನ ಸುತ್ತಲ ರಬ್ಬರು ಒಣಗಿ ಬಿರಿದರೆ ನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಜಿನುಗುತ್ತದೆ. ಬಾಗಿಲಿನ ಗಾಜಿನ ಪಕ್ಕದಿಂದ ನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಬಾಗಿಲಿನ ಕೆಳಅಂಚಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವು ಮುಚ್ಚಿದರೆ, ಇಲ್ಲವೇ ಒಳಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದರೆ, ನೀರು ಕಾರಿನೊಳಕ್ಕೆ ಒಸರುತ್ತದೆ. ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಮಳೆಯಿಲ್ಲದ ಬೇಸಿಗೆಯಲ್ಲೂ ಎಡಗಡೆ ಕೂತವರ ಪಾದದ ಬಳಿ ತೊಟ್ಟಿಕ್ಕುತ್ತದೆ. ಹಿಂದಿನ ದೀಪಗಳ ರಬ್ಬರು, ಡಿಕ್ಕಿಯ ಬೀಡಿಂಗು, ತಳದ ರಬ್ಬರು ಬಿರಡೆಗಳು ಉಳಿದ ದಾರಿಗಳು.

ನನ್ನ ಕಾರಿನಲ್ಲಿ ದಾರಿ ತೋರಿಸಿದ್ದು ಮನೆಯ ಮುಂದಿನ ಹುಣಸೆಮರ. ಮುಂಗಾಜಿನ ಕೆಳಗಿನ ಜಾಲರಿಯೊಳಗೆ ಬಿದ್ದ ಅದರ ಸಣ್ಣೆಲೆಗಳು ಕೆಮ್ಮಣ್ಣಿನ ದೂಳಿನೊಡನೆ ಕಲೆತು, ನೀರು ಹರಿದುಹೋಗಬೇಕಾದ ತೂಬಿಗೆ ಬೆಣೆಯಂತೆ ಕೂತಿದ್ದವು. ತೂಬು ಕಟ್ಟಿದ ಕೆರೆಯ ನೀರು ಬೇರೆ ದಾರಿ ಹುಡುಕುವಂತೆ ಇಲ್ಲಿಯೂ ನೀರು ಏರಿ ಒಳಕ್ಕೆ ನುಗ್ಗಿತ್ತು. ಇದನ್ನು ಪತ್ತೆಹಚ್ಚುವ ಕ್ರಮ ಸರಳ. ಸೀಟು, ಹಾಸುಗಳನ್ನು ತೆಗೆದು ತಳವನ್ನು ಪೂರ್ತಿ ಒಣಗಿಸಿ, ಹಳೆಯ ವೃತ್ತಪತ್ರಿಕೆಗಳನ್ನು ಹರಡಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಭಾಗಕ್ಕೆ ನಿಧಾನವಾಗಿ ನೀರು ಬಿಡಬೇಕು. ಎಲ್ಲ ಕಡೆ ಒಟ್ಟಿಗೆ ಸುರಿದರೆ ಎಲ್ಲಿಂದ ಬಂತೆಂಬುದೇ ತಿಳಿಯದು. ಪಾಠಾಂತರಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಗ್ರಂಥಸಂಪಾದಕನಿಗೆ ಈ ವಿಧಾನ ಹೊಸತೇನಲ್ಲ.

ಆ ವರ್ಷ ಕಾರಿನ ನೋಂದಣಿ ನವೀಕರಣವೂ ಎದುರಿಗಿತ್ತು. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ. ಆಮೇಲೆ ಪರಿಶೀಲನೆಗೊಳಪಟ್ಟು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಆ ಶುಲ್ಕ ₹600ರಿಂದ ₹5,000ಕ್ಕೆ ಏರಿತ್ತು. ಮಾರಿಬಿಡಿ ಎಂದವರೇ ಹೆಚ್ಚು. ಹರಪನಹಳ್ಳಿ ಕಡೆಯ ಒಬ್ಬ ಅತಿಥಿ ಉಪನ್ಯಾಸಕರು ₹45,000 ಕೊಟ್ಟು ಕೊಳ್ಳಲು ಸಿದ್ಧರಾಗಿ ಬಂದರು. ಹೆಂಡತಿ, ಮೂರು ವರ್ಷದ ಮಗುವಿನೊಡನೆ ಬೈಕಿನಲ್ಲಿ ಓಡಾಡುತ್ತಿದ್ದ ಅವರಿಗೆ ಅದು ಸಣ್ಣ ಮೊತ್ತವಲ್ಲ. ವ್ಯವಹಾರಕ್ಕೆ ಬಂದಿದ್ದ ಮಧ್ಯವರ್ತಿ ನನ್ನನ್ನು ಪಕ್ಕಕ್ಕೆ ಕರೆದು, “ಸಾರ್, ಹೊಸ ಮ್ಯಾಟ್ ಹಾಕ್ಸಿಬಿಡ್ರಿ, ಒಳಗ ಯಾರು ನೋಡ್ತಾರ?” ಎಂದ. ಮ್ಯಾಟಿನ ಬೆಲೆ ₹1,200. ಅಷ್ಟು ಖರ್ಚಿನಲ್ಲಿ ನನ್ನ ಪಾಲಿನ ಸಮಸ್ಯೆ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು.

ತಳದ ಸ್ಥಿತಿಯನ್ನು ತಿಳಿಯದೆ ಮಾತು ಮುಂದುವರಿಸುವುದು ಸರಿಯೆನಿಸಲಿಲ್ಲ. ಕೊಳ್ಳಬಂದವರನ್ನೂ ಕೂರಿಸಿಕೊಂಡು ಕೊಟ್ಟೂರಿನ ಹಿರಿಯ ಟಿಂಕರ್ ಒಬ್ಬರ ಬಳಿಗೆ ಹೋದೆ. ಅವರು ಎಡಗಡೆಯ ಸೀಟು ಬಿಚ್ಚಿ, ಹಾಸನ್ನು ಸುರುಳಿಸುತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಅಲ್ಲಲ್ಲಿ ಬಡಿದರು. ಗಟ್ಟಿಯಿದ್ದಲ್ಲಿ ಕಣಕಣ ಸದ್ದು. ಒಂದೆಡೆ ಹಸಿ ರಟ್ಟಿಗೆ ಬಡಿದಂತೆ ಮಂದ ಸದ್ದು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ತುಕ್ಕನ್ನು ಕೆರೆಯದೆ ಅದರ ಮೇಲೆಯೇ ದಪ್ಪಗೆ ಡಾಂಬರು ಬಳಿದಿದ್ದರು. ಹೊರಗಿನ ನೀರು ಬಾರದಂತೆ ಬಳಿದ ಆ ಲೇಪವೇ ಒಳಗಿನ ತೇವ ಹೊರಹೋಗದಂತೆ ತಡೆದಿತ್ತು. ಅವರು ಸ್ಕ್ರೂಡ್ರೈವರಿನ ಮೊನೆ ಒತ್ತಿದರು. ಅದು ಆಚೆಗೆ ಹೋಯಿತು, ತೂತಿನಲ್ಲಿ ನೆಲ ಕಂಡಿತು. “ಸೀಟಿನ ಬೋಲ್ಟು ಕೂರೋದು ಇಲ್ಲೇ ಸಾರ್. ಜಂಗು ತಿಂದೈತಿ. ಗುದ್ದಿದ್ರ ಸೀಟೇ ಎದ್ದು ಬರ್ತೈತಿ,” ಎಂದರು. ಆ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲಿರಿಸಿಕೊಂಡು ಕೂರಬೇಕಾಗಿದ್ದವರು ಯಾರೆಂಬುದು ನಮ್ಮಿಬ್ಬರಿಗೂ ತಿಳಿದಿತ್ತು. ಇಂಥ ಕಾರುಗಳಲ್ಲಿ ಲಾರಿಗಿರುವಂತೆ ಬೇರೆ ಚಾಸಿಯಿಲ್ಲ. ತಳ, ಕಂಬ, ಛಾವಣಿಗಳು ಒಂದಕ್ಕೊಂದು ಬೆಸೆದುಕೊಂಡು ಭಾರ ಹೊರುತ್ತವೆ. ತಳ ಟೊಳ್ಳಾದರೆ ಕಾರೇ ಟೊಳ್ಳು.

ಜೈನ ತತ್ತ್ವವನ್ನು ಬಲ್ಲವರಿಗೆ ಇಲ್ಲಿ ತೂತುಬಿದ್ದ ದೋಣಿಯ ಹಳೆಯ ದೃಷ್ಟಾಂತ ನೆನಪಾಗದಿರದು. ತತ್ತ್ವಾರ್ಥಸೂತ್ರ ಹೇಳುವ ಏಳು ತತ್ತ್ವಗಳಲ್ಲಿ ಆಸ್ರವ, ಬಂಧ, ಸಂವರ, ನಿರ್ಜರಾ ಎಂಬ ನಾಲ್ಕು ಇದೇ ಅನುಕ್ರಮದಲ್ಲಿ ಬರುತ್ತವೆ. ‘ಸ್ರು’ ಎಂದರೆ ಹರಿ, ಸೋರು. ತೂತಿನಿಂದ ನೀರು ಒಳಬರುವುದು ಆಸ್ರವ. ಬಂದದ್ದು ಅಂಟಿಕೊಳ್ಳುವುದು ಬಂಧ. ತೂತನ್ನು ಮುಚ್ಚುವುದು ಸಂವರ. ಒಳಗೆ ಸೇರಿದ್ದನ್ನು ಹೊರಹಾಕುವುದು ನಿರ್ಜರೆ. ಕರ್ಮವಿಚಾರದ ಆಳವನ್ನು ಒಂದು ಕಾರಿಗೆ ಇಳಿಸುವುದು ನನ್ನ ಉದ್ದೇಶವಲ್ಲ. ದೃಷ್ಟಾಂತದ ಅನುಕ್ರಮ ಮಾತ್ರ ಇಲ್ಲಿ ಗಮನಾರ್ಹ. ಸಂವರವಿಲ್ಲದ ನಿರ್ಜರೆ ಮುಗಿಯದ ದುಡಿಮೆ. ಮಳೆಗಾಲವಿಡೀ ಮ್ಯಾಟನ್ನು ಬಿಸಿಲಿಗೆ ಹಾಕಿ ಮತ್ತೆ ಹಾಸುವುದು ಆ ಬಗೆಯದು. ನಿರ್ಜರೆಯಿಲ್ಲದೆ ಮೇಲೆ ಮುಚ್ಚುವುದು ಅದಕ್ಕಿಂತ ಕೆಟ್ಟದ್ದು. ಡಾಂಬರಿನ ಕೆಳಗೆ ಬಂಧ ಬೆಳೆಯುತ್ತಲೇ ಇರುತ್ತದೆ. ಇನ್ನೊಂದು ಮಾತು: ‘ಜೀರ್ಣ’ ಮತ್ತು ‘ನಿರ್ಜರಾ’ ಎರಡೂ ಒಂದೇ ಧಾತುವಿನಿಂದ ಬಂದವು. ಸವೆಯುವುದೂ ಅದೇ, ಸವೆಸಿ ಕಳೆಯುವುದೂ ಅದೇ.

ಟಿಂಕರರ ಕೆಲಸವೂ ಇದೇ ಕ್ರಮದಲ್ಲಿ ನಡೆಯಿತು. ಮೊದಲು ತೂಬು ಬಿಡಿಸಿ, ಮುಂಗಾಜನ್ನು ತೆಗೆದು ಹೊಸ ರಬ್ಬರು ಕೂರಿಸಿ, ನೀರು ಬಿಟ್ಟು ಪರೀಕ್ಷಿಸಿದರು. ಆಮೇಲೆ ಡಾಂಬರು ಕೆರೆದು, ತುಕ್ಕು ಹಿಡಿದ ಭಾಗವನ್ನು ಬೆಳ್ಳಗೆ ಹೊಳೆಯುವ ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿದರು. ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ರೋಲ್ ಕೊಳವೆಯನ್ನು ಕಾಪಾಡಿಕೊಂಡು ಹೊಸ ತಗಡನ್ನು ಬೆಸೆದರು. ಅಂಚುಗಳಿಗೆ ಸೀಲರು, ಅದರ ಮೇಲೆ ಪ್ರೈಮರು, ಕಡೆಗೆ ತಳಲೇಪ. ತೂತಿಗೆ ಎಂ-ಸೀಲ್ ಮೆತ್ತಿ ಬಣ್ಣ ಬಳಿಯುವುದು ಅಗ್ಗ. ಆದರೆ ಭಾರ ಹೊರುವ ಜಾಗದಲ್ಲಿ ಅದು ನೋಟಕ್ಕಷ್ಟೇ. ಒಟ್ಟು ವೆಚ್ಚ ₹14,000.

ಕತ್ತರಿಸಿ ಬಿದ್ದ ತುಂಡೊಂದು ನನ್ನ ಮೇಜಿನ ಮೇಲಿದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಆದ್ದರಿಂದಲೇ ಅದು ಹಳೆಯ ಕಡತದ ಹಾಳೆಗಳಂತೆ ಪದರಪದರವಾಗಿ ಉಬ್ಬಿ, ಬೆಸುಗೆಯನ್ನೂ ಸಿಡಿಸುತ್ತದೆ. ಹಳಗನ್ನಡದ ‘ಕರ್ಬುನ’ ಎಂಬ ಪದದಲ್ಲಿ ಕರಿಯ ಹೊನ್ನು ಎಂಬ ಅರ್ಥ ಅಡಗಿದೆ. ಆ ಕರಿಯ ಹೊನ್ನು ಕೆಂಪಾಗಿ ಮರಳಿದ ರೂಪ ಈ ತುಂಡು. ನಮ್ಮ ಕೂಡ್ಲಿಗಿಯ ಮಗ್ಗುಲಿನ ಸಂಡೂರು ಬೆಟ್ಟಗಳ ಅದಿರೂ ಕಬ್ಬಿಣದ ಆಕ್ಸೈಡೇ. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತು 1895ರಲ್ಲಿ ಪ್ರಕಟಿಸಿದ ಗ್ರಂಥ ಈ ನಾಡಿನ ಬಂಡೆ, ಅದಿರುಗಳ ಮೊದಲ ವಿಸ್ತಾರವಾದ ಕಥನಗಳಲ್ಲೊಂದು. ಬೆಂಕಿಯ ಬಲದಿಂದ ಆಮ್ಲಜನಕವನ್ನು ಕಳೆದು ಅದಿರನ್ನು ಕಬ್ಬಿಣ ಮಾಡುತ್ತೇವೆ. ನೀರು, ಗಾಳಿ ಸೇರಿ ಅದನ್ನು ಮತ್ತೆ ಆಕ್ಸೈಡಾಗಿಸುತ್ತವೆ. ತಗಡಿನ ರೂಪವೇ ಒಂದು ಮಧ್ಯಂತರ ಅವಸ್ಥೆ. ಅದನ್ನು ಎಷ್ಟು ಕಾಲ ಹಿಡಿದಿಡುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಹಣ ಪಡೆಯುವಾಗ ಟಿಂಕರ್ ಒಂದು ಮಾತು ಹೇಳಿದರು: “ಉಜ್ಜಿನಿ ಗುಡಿ ಶಿಖರಕ್ಕ ವರ್ಷಾ ವರ್ಷಾ ಎಣ್ಣಿ ಎರೀತಾರಲ್ಲ ಸಾರ್, ಇದಕ್ಕೂ ಮಳಿಗಿಂತ ಮೊದ್ಲು ಒಂದ್ಸಲ ನೋಡ್ರಿ. ಒಮ್ಮಿ ಮಾಡಿದ್ರ ಮುಗೀತು ಅನ್ಬ್ಯಾಡ್ರಿ.” ಕೊಟ್ಟೂರು ಸೀಮೆಯ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ನಡೆಯುವ ತೈಲಾಭಿಷೇಕ ಇಲ್ಲಿ ಎಲ್ಲರಿಗೂ ಗೊತ್ತಿರುವ ಉತ್ಸವ. ಅದರ ಧಾರ್ಮಿಕ ಅರ್ಥ ಏನೇ ಇರಲಿ, ಆ ಕುಶಲಕರ್ಮಿಯ ಕಣ್ಣಿಗೆ ಅದು ವರ್ಷಕ್ಕೊಮ್ಮೆ ತಪ್ಪದೆ ಮೇಲೇರಿ ನೋಡುವ ಶಿಸ್ತಾಗಿ ಕಂಡಿತ್ತು. ಶಾಸನಗಳು ಖಂಡಸ್ಫುಟಿತಕ್ಕೆಂದು ಬಿಟ್ಟ ಭೂಮಿಯ ಆಶಯವೂ ಇದೇ. ನಾವಿಂದು ಗ್ರಂಥಾಲಯದ ಕಟ್ಟಡಕ್ಕೆ ಅನುದಾನ ಬೇಡುತ್ತೇವೆ. ಅದರ ಛಾವಣಿ ಸೋರಿದಾಗ ಬೇಕಾಗುವ ಹಣಕ್ಕೆ ಲೆಕ್ಕದಲ್ಲಿ ಶೀರ್ಷಿಕೆಯೇ ಇರುವುದಿಲ್ಲ.

ಕಾರು ನನ್ನ ಬಳಿಯೇ ಉಳಿಯಿತು. ದುರಸ್ತಿಯ ಖರ್ಚನ್ನು ಬೆಲೆಗೆ ಸೇರಿಸಿದರೆ ಆ ಅತಿಥಿ ಉಪನ್ಯಾಸಕರಿಗೆ ಎಟುಕುವಂತಿರಲಿಲ್ಲ, ಬಿಟ್ಟುಕೊಡುವಷ್ಟು ಅನುಕೂಲ ನನಗೂ ಇರಲಿಲ್ಲ. ನವೀಕರಣವಾಯಿತು. ಈಗ ಪ್ರತಿವರ್ಷ ರೋಹಿಣಿ ಮಳೆಗೆ ಮೊದಲು ಜಾಲರಿಯ ಎಲೆ ತೆಗೆಸಿ, ಬಾಗಿಲಿನ ರಂಧ್ರಗಳಿಗೆ ಕಡ್ಡಿಯಾಡಿಸಿ, ಹಾಸನ್ನು ಎತ್ತಿ ನೋಡುತ್ತೇನೆ. ನಾಲ್ಕು ತಿಂಗಳ ಬಳಿಕ ಅವರು ಹಡಗಲಿಯಿಂದ ಫೋನು ಮಾಡಿದರು. ಬೇರೆ ಕಾರೊಂದನ್ನು ನೋಡಲು ಹೋಗಿದ್ದರಂತೆ. ಬಣ್ಣ ಚೆನ್ನಾಗಿತ್ತು, ಬೆಲೆಯೂ ಹೊಂದುತ್ತಿತ್ತು. “ಸರ್, ಮೊದಲು ಮ್ಯಾಟ್ ಎತ್ತಿ ನೋಡಿದೆ, ಬೇಡ ಅಂದು ಬಂದೆ,” ಎಂದರು. ಇನ್ನೊಂದನ್ನು ಹುಡುಕುತ್ತಿರುವುದಾಗಿಯೂ ಹೇಳಿದರು.