ಆಟ ಮುಗಿದ ಮೇಲಿನ ಅನ್ನ



ಶಿಕಾರಿಪುರದಿಂದ ಶಿರಾಳಕೊಪ್ಪದ ಮೂಲಕ ಸೊರಬಕ್ಕೆ ಸಾಗುವ ದಾರಿಯಲ್ಲಿ ಸಂಜೆಯ ಹೊತ್ತು ನೀವು ಪ್ರಯಾಣ ಮಾಡಿದ್ದರೆ, ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಕಬಡ್ಡಿ ಆಡುವ ಮಕ್ಕಳನ್ನು ಕಂಡಿರುತ್ತೀರಿ. ಚೆಂಡು ಬೇಡ, ಬ್ಯಾಟು ಬೇಡ. ಗಟ್ಟಿಯಾದ ಉಸಿರು, ಏಳು ಮಂದಿ ಜೊತೆಗಾರರು ಇದ್ದರೆ ಸಾಕು. ಬಡವರ ಮನೆಯ ಮಕ್ಕಳಿಗೂ ಎಟುಕುವ ಆಟವಿದು. 2014 ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ ಆಟಗಾರರ ಹರಾಜು ದೂರದರ್ಶನದ ಪರದೆಗೆ ಬಂದ ಮೇಲೆ, ಇದೇ ಮಣ್ಣಿನ ಆಟವು ಮಕ್ಕಳ ಕಣ್ಣಿಗೆ ಒಂದು ವೃತ್ತಿಯಾಗಿಯೂ ಕಾಣತೊಡಗಿತು.

ಆದರೆ ಆಟವನ್ನು ನಂಬಿ ಬದುಕು ಕಟ್ಟಿಕೊಳ್ಳಬಹುದೇ? ಈ ಪ್ರಶ್ನೆ ಇತ್ತೀಚೆಗೆ ನಮ್ಮ ಮನೆಯೊಳಕ್ಕೇ ಬಂದು ಕುಳಿತಿತು. ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ತಮ್ಮನ ಮಗಳು, ಹತ್ತನೆಯ ತರಗತಿಯ ಹುಡುಗಿ, ಜಿಲ್ಲಾ ತಂಡಕ್ಕೆ ಆಯ್ಕೆಯಾದಳು. ಮನೆಯಲ್ಲಿ ಹಿಗ್ಗಿದ್ದಷ್ಟೇ ಆತಂಕವೂ ಇತ್ತು. "ಕಾಲು ಮುರಿದುಕೊಂಡರೆ ನಾಳೆ ಇವಳನ್ನು ನೋಡುವವರು ಯಾರು?" ಎಂದರು ನಮ್ಮ ತಾಯಿ. ತಮ್ಮ ನನ್ನತ್ತ ತಿರುಗಿ, "ಅಣ್ಣಾ, ಈ ಆಟ ಎಷ್ಟು ವರ್ಷ ಅನ್ನ ಹಾಕೀತು?" ಎಂದು ಕೇಳಿದ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಉತ್ತರವಾಗಿ ನಾನು ಅವರಿಗೆ ನಮ್ಮದೇ ನಾಡಿನ ಒಬ್ಬ ಆಟಗಾರ್ತಿಯ ಬದುಕನ್ನು ವಿವರಿಸಿದೆ.

ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಕೃಷಿಕ ಕುಟುಂಬದಲ್ಲಿ ಹುಟ್ಟಿದ ಮಮತಾ ಪೂಜಾರಿಯವರ ಹೆಸರನ್ನು ನೀವು ಕೇಳಿರಬಹುದು. 2010 ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ ಕಬಡ್ಡಿಗೆ ಮೊದಲ ಬಾರಿ ಸ್ಥಾನ ದೊರೆತಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. 2012 ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳಾ ವಿಶ್ವಕಪ್ಪನ್ನು ಭಾರತವು ಅವರ ನಾಯಕತ್ವದಲ್ಲಿ ಗೆದ್ದಿತು. 2014 ರಲ್ಲಿ ಇಂಚಿಯಾನ್‌ನಲ್ಲಿ ಮತ್ತೊಂದು ಏಷ್ಯನ್ ಚಿನ್ನ; ಅದೇ ವರ್ಷ ಅರ್ಜುನ ಪ್ರಶಸ್ತಿ.

ಇಷ್ಟೆಲ್ಲ ಸಾಧಿಸಿದವರಿಗೆ ವೃತ್ತಿಪರ ಲೀಗ್ ಕೊಟ್ಟದ್ದೆಷ್ಟು ಬಲ್ಲಿರಾ? 2016 ರಲ್ಲಿ ಪುರುಷರ ಲೀಗಿನ ಜೊತೆಯಲ್ಲಿಯೇ ಮಹಿಳೆಯರ ಕಬಡ್ಡಿ ಚಾಲೆಂಜ್ ನಡೆಯಿತು. ಇದ್ದುದು ಮೂರೇ ತಂಡಗಳು. ಮಮತಾ ಅವರು ಫೈರ್ ಬರ್ಡ್ಸ್ ತಂಡವನ್ನೂ, ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿಯವರು ಸ್ಟಾರ್ಮ್ ಕ್ವೀನ್ಸ್ ತಂಡವನ್ನೂ ಮುನ್ನಡೆಸಿದರು. ಅಂತಿಮ ಪಂದ್ಯದಲ್ಲಿ ಸ್ಟಾರ್ಮ್ ಕ್ವೀನ್ಸ್ ಒಂದೇ ಅಂಕದಿಂದ ಗೆದ್ದಿತು. ಮರುವರ್ಷ ಆ ಸ್ಪರ್ಧೆ ನಡೆಯಲಿಲ್ಲ. ಹಾಗಾದರೆ ವರ್ಷಗಟ್ಟಲೆ ಮಮತಾ ಅವರ ಆಟವನ್ನು ಪೊರೆದದ್ದು ಯಾವುದು? ರೈಲ್ವೆ ಇಲಾಖೆಯ ಉದ್ಯೋಗ. ತಿಂಗಳ ಸಂಬಳ, ಅಭ್ಯಾಸಕ್ಕೆ ಬಿಡುವು, ಆಟ ನಿಂತ ಮೇಲೂ ಉಳಿಯುವ ಒಂದು ಕುರ್ಚಿ. ಪದಕಗಳು ಪತ್ರಿಕೆಯ ಮೊದಲ ಪುಟದಲ್ಲಿ ಬಂದವು; ಆ ಉದ್ಯೋಗವೋ ಯಾರ ಕಣ್ಣಿಗೂ ಬೀಳದೆ ಅವರ ಬೆನ್ನಿಗೆ ನಿಂತಿತ್ತು.

ಸಿರಿವಂತ ದೇಶಗಳಲ್ಲಿಯೂ ಪರಿಸ್ಥಿತಿ ತೀರಾ ಬೇರೆಯೇನಲ್ಲ. ಆಸ್ಟ್ರೇಲಿಯಾದವರಿಗೆ ತಮ್ಮದೇ ಆದ ಒಂದು ಫುಟ್‌ಬಾಲ್ ಇದೆ. ಅಂಡಾಕಾರದ ಮೈದಾನ, ಅಂಡಾಕಾರದ ಚೆಂಡು. ಕಬಡ್ಡಿಯಂತೆಯೇ ಮೈಗೆ ಮೈ ತಾಗಿಸಿ ಆಡುವ ಆಟ. ಅಲ್ಲಿ ಪುರುಷರ ದೊಡ್ಡ ಲೀಗ್ 1897 ರಲ್ಲಿಯೇ ಆರಂಭವಾಗಿತ್ತು. ಮಹಿಳೆಯರ ಲೀಗ್ ಆರಂಭವಾದದ್ದು 2017 ರಲ್ಲಿ, ಎಂಟು ತಂಡಗಳೊಂದಿಗೆ. ಆ ಮೊದಲ ವರ್ಷಗಳಲ್ಲಿ ಅನೇಕ ಆಟಗಾರ್ತಿಯರು ಹಗಲು ಶಾಲೆಯಲ್ಲಿ ಪಾಠ ಹೇಳಿ, ಆಸ್ಪತ್ರೆಯಲ್ಲಿ ದುಡಿದು, ಸಂಜೆ ಅಭ್ಯಾಸಕ್ಕೆ ಇಳಿಯುತ್ತಿದ್ದರು. ಸಾವಿರಾರು ಜನರ ಚಪ್ಪಾಳೆ ಕೇಳಿದ ಮರುದಿನವೇ ಅವರು ಎಂದಿನ ಕೆಲಸಕ್ಕೆ ಹಾಜರಾಗಬೇಕಿತ್ತು.

ಇನ್ನು ನಮ್ಮ ತಾಯಿಯ ಭಯದ ವಿಷಯ. ಅದು ಅಜ್ಜಿಯ ಅಕ್ಕರೆಯ ಮಾತಷ್ಟೇ ಅಲ್ಲ. ಓಡುತ್ತ ತಟ್ಟನೆ ತಿರುಗುವ ಆಟಗಳಲ್ಲಿ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚೆಂದು ಕ್ರೀಡಾವೈದ್ಯರು ಹೇಳುತ್ತಾರೆ. ಹರಿದರೆ ಶಸ್ತ್ರಚಿಕಿತ್ಸೆ; ಆ ಮೇಲೆ ಅಂಕಣಕ್ಕೆ ಮರಳಲು ಒಂಬತ್ತು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಬೇಕು. ಆದರೆ ಆಟಕ್ಕೆ ಮುನ್ನ ಮೈ ಕಾಯಿಸುವುದು, ತೊಡೆಯ ಸ್ನಾಯುಗಳನ್ನು ಬಲಪಡಿಸುವುದು, ಮೊಣಕಾಲು ಒಳಕ್ಕೆ ವಾಲದಂತೆ ನೆಗೆದು ಇಳಿಯುವುದನ್ನು ಕಲಿಯುವುದು, ಇವುಗಳಿಂದ ಆ ಅಪಾಯವನ್ನು ಗಣನೀಯವಾಗಿ ತಗ್ಗಿಸಬಹುದೆಂಬುದೂ ಅವರದೇ ಮಾತು. ಇದಕ್ಕೆ ಹಣ ಬೇಕಿಲ್ಲ. ಹೇಳಿಕೊಡುವವರು ಬೇಕು, ದಿನವೂ ತಪ್ಪದೆ ಮಾಡುವ ಶಿಸ್ತು ಬೇಕು.

ಇವನ್ನೆಲ್ಲ ಕೇಳಿದ ತಮ್ಮ ಬಹಳ ಹೊತ್ತು ಮೌನವಾಗಿದ್ದ. ಕೊನೆಗೆ ಮಗಳನ್ನು ಕರೆದು, "ಆಡು ಮಗಳೇ, ಆದರೆ ಪುಸ್ತಕ ಬಿಡಬೇಡ" ಎಂದ. ತಾಯಿಯವರು ಒಪ್ಪಿದರೆಂದು ಹೇಳಲಾರೆ; ಮಾರನೆಯ ಬೆಳಿಗ್ಗೆ ಮಾತ್ರ ಮೊಮ್ಮಗಳ ತಟ್ಟೆಯಲ್ಲಿ ಒಂದು ಮೊಟ್ಟೆ ಹೆಚ್ಚಾಗಿ ಬಿದ್ದಿತ್ತು.

ಓದುಗರೇ, ನಿಮ್ಮ ಮನೆಯ ಮಗುವೂ ಒಂದು ದಿನ ಸಂಖ್ಯೆ ಬರೆದ ಅಂಗಿಯೊಂದನ್ನು ಹಿಡಿದು ನಿಮ್ಮ ಮುಂದೆ ನಿಂತೀತು. ಆಗ "ನೀನು ದೊಡ್ಡ ಆಟಗಾರನಾಗುತ್ತೀಯಾ?" ಎಂದು ಕೇಳಬೇಡಿ, ಅದನ್ನು ಯಾರೂ ಮೊದಲೇ ಹೇಳಲಾರರು. ಕಲಿಸುವವರು ಮೊಣಕಾಲಿನ ಕಾಳಜಿ ಬಲ್ಲವರೇ ಎಂದು ವಿಚಾರಿಸಿರಿ. ಸರ್ಕಾರದ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ಎಂದು ನಡೆಯುತ್ತದೆ, ಕ್ರೀಡಾ ಮೀಸಲಾತಿಯ ಉದ್ಯೋಗಕ್ಕೆ ಎಷ್ಟು ಓದಿರಬೇಕು ಎಂಬುದನ್ನು ತಿಳಿದುಕೊಳ್ಳಿರಿ. ಮೂವತ್ತರ ಆಸುಪಾಸಿನಲ್ಲಿ ಆಟದ ದೇಹ ದಣಿಯುತ್ತದೆ. ಬದುಕು ಅಲ್ಲಿಂದ ಮುಂದೆ ಇನ್ನೂ ಮೂವತ್ತು ನಲವತ್ತು ವರ್ಷ ನಡೆಯಬೇಕಾಗಿದೆ. ಆ ವರ್ಷಗಳಿಗೆ ಬೇಕಾದ ಬುತ್ತಿಯನ್ನು ಆಡುವ ವಯಸ್ಸಿನಲ್ಲಿಯೇ ಕಟ್ಟಿಕೊಡುವುದು ಹೆತ್ತವರಾದ ನಮ್ಮ ಹೊಣೆ. ಅಷ್ಟು ಮಾಡಿದ ಮೇಲೆ, ಮಗುವನ್ನು ಧೈರ್ಯವಾಗಿ ಅಂಕಣಕ್ಕೆ ಕಳುಹಿಸಿರಿ.